ಗೆಳೆಯನ ಶಾರ್ಟ್‌ಕಟ್ ಪಟ್ಟಿ ನನ್ನ ಲ್ಯಾಪ್‌ಟಾಪಿನಲ್ಲಿ ಯಾಕೆ ಕೈಕೊಡುತ್ತಿದೆ?

ಪ್ರಶ್ನೆ: ನಮಸ್ಕಾರ ಸರ್. ಎರಡು ವರ್ಷದಿಂದ ಮನೆಯಲ್ಲೇ ರೆಕಾರ್ಡಿಂಗ್ ಮಾಡುತ್ತಿದ್ದೇನೆ. ಹೆಚ್ಚಾಗಿ ಆಡಿಯೋ ಪುಸ್ತಕ, ನಡುವೆ ಒಂದೊಂದು ಹಾಡು. ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್. ಓದುವುದೂ ನಾನೇ, ಎಡಿಟ್ ಮಾಡುವುದೂ ನಾನೇ. ಒಂದು ಗಂಟೆ ಓದಿದ್ದನ್ನು ಚೊಕ್ಕ ಮಾಡಲು ನಾಲ್ಕೈದು ಗಂಟೆ ಮೌಸ್ ಹಿಡಿದು ಕೂರಬೇಕು. ರಾತ್ರಿ ಹೊತ್ತಿಗೆ ಬಲ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಕ್ಯೂಬೇಸ್ ಎಂಬ ಇಂಥದೇ ಇನ್ನೊಂದು ಸಾಫ್ಟ್‌ವೇರ್ ಬಳಸುವ ಗೆಳೆಯನೊಬ್ಬ ತನ್ನ ಶಾರ್ಟ್‌ಕಟ್ ಪಟ್ಟಿ ಕೊಟ್ಟ. ನೂರಕ್ಕೂ ಜಾಸ್ತಿ ಇದ್ದವು. ಎರಡು ದಿನ ಕೂತು ಎಲ್ಲವನ್ನೂ ರೀಪರ್‌ಗೆ ಹಾಕಿದೆ. ಈಗ ಅರ್ಧಕ್ಕರ್ಧ ಕೆಲಸ ಮಾಡುವುದಿಲ್ಲ. ಕೆಲವು ಬೆಳಿಗ್ಗೆ ಮಾಡುತ್ತವೆ, ಸಂಜೆ ಮಾಡುವುದಿಲ್ಲ! ಮೊನ್ನೆ ಏನೋ ಒತ್ತಲು ಹೋಗಿ ಏನೋ ಒತ್ತಿ, ಒಂದು ಅಧ್ಯಾಯದಲ್ಲಿ ಹಿನ್ನೆಲೆ ಸಂಗೀತವೇ ಒಂದು ಕಡೆ, ಮಾತೇ ಒಂದು ಕಡೆ ಆಗಿತ್ತು. ಗೊತ್ತಾಗಿದ್ದು ಮರುದಿನ. ಶಾರ್ಟ್‌ಕಟ್ ಜಾಸ್ತಿಯಾದರೆ ಸಾಫ್ಟ್‌ವೇರ್ ಭಾರವಾಗಿ ಲೇಟೆನ್ಸಿ (ದನಿ ತಡವಾಗಿ ಕೇಳಿಸುವುದು) ಬರುತ್ತದೆ ಅಂತಲೂ ಒಬ್ಬರು ಹೆದರಿಸಿದ್ದಾರೆ. ಎಲ್ಲ ಅಳಿಸಿ ಮೊದಲಿನಂತೆ ಮಾಡಿಬಿಡಲಾ? ಅಪ್‌ಡೇಟ್ ಬಂದಾಗ ಇವೆಲ್ಲ ಹೋಗಿಬಿಡುತ್ತವಾ? ಅಂದಹಾಗೆ, ಸ್ಕ್ರಿಪ್ಟನ್ನು ಕನ್ನಡದಲ್ಲೇ ಟೈಪ್ ಮಾಡಿಕೊಳ್ಳುತ್ತೇನೆ. ಹಾಗಾಗಿ ಕೀಬೋರ್ಡನ್ನು ಆಗಾಗ ಕನ್ನಡಕ್ಕೆ ಬದಲಿಸುತ್ತಿರುತ್ತೇನೆ.

ಉತ್ತರ: ಕೊನೆಯ ಮಾತನ್ನು ಹೋಗ್ತಾ ಹೋಗ್ತಾ ಹೇಳಿದ್ದೀರಿ. ಆದರೆ ನಿಮ್ಮ ಬೆಳಿಗ್ಗೆ-ಸಂಜೆಯ ಒಗಟು ಅಲ್ಲೇ ಇದೆ ಅಂತ ನನ್ನ ಅನುಮಾನ. ಅಲ್ಲಿಗೆ ಬರುತ್ತೇನೆ. ಮೊದಲು ಲೇಟೆನ್ಸಿಯ ಹೆದರಿಕೆ ಮುಗಿಸಿಬಿಡೋಣ, ಅದು ಬೇಗ ಮುಗಿಯುವ ಮಾತು.

ಶಾರ್ಟ್‌ಕಟ್ ಹತ್ತಿರಲಿ, ಸಾವಿರವಿರಲಿ, ಲೇಟೆನ್ಸಿಗೂ ಅದಕ್ಕೂ ಸಂಬಂಧವಿಲ್ಲ. ಅದೊಂದು ಸಣ್ಣ ಪಟ್ಟಿ ಅಷ್ಟೇ: ಈ ಕೀ ಒತ್ತಿದರೆ ಈ ಕೆಲಸ ಮಾಡು ಅಂತ. ನೀವು ಕೀ ಮುಟ್ಟುವ ತನಕ ಆ ಪಟ್ಟಿ ಸುಮ್ನೆ ಬಿದ್ದಿರುತ್ತದೆ. ಮೈಕ್‌ನಲ್ಲಿ ಹಾಡಿದ ದನಿ ಹೆಡ್‌ಫೋನಿಗೆ ತಡವಾಗಿ ಬರುವುದಕ್ಕೆ ಮುಖ್ಯ ಕಾರಣ ಬಫರ್, ಅಂದರೆ ಕಂಪ್ಯೂಟರ್ ದನಿಯನ್ನು ತುಸು ತುಸುವಾಗಿ ಕೂಡಿಟ್ಟುಕೊಂಡು ಮುಂದೆ ಕಳಿಸುವ ಜಾಗ. 48,000 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ದನಿಯ 48,000 ಸ್ಯಾಂಪಲ್ ತೆಗೆಯುವಾಗ, 256 ಸ್ಯಾಂಪಲ್ ಬಫರ್ ಇಟ್ಟರೆ ಒಂದು ಬಫರಿಗೆ ಸುಮಾರು 5.3 ಮಿಲಿಸೆಕೆಂಡ್. ಅದನ್ನೇ 1024ಕ್ಕೆ ಏರಿಸಿದರೆ 21 ಮಿಲಿಸೆಕೆಂಡ್ ದಾಟುತ್ತದೆ. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ ಇದು ಸೇರಿಕೊಳ್ಳುತ್ತದೆ. ಇದರ ಮೇಲೆ ಮೈಕ್ ಜೋಡಿಸುವ ಇಂಟರ್ಫೇಸಿನದು, ದನಿ ತಿದ್ದುವ ಭಾರದ ಪ್ಲಗಿನ್‌ಗಳದು ಬೇರೆ. ಈ ಲೆಕ್ಕದಲ್ಲಿ ಕೀಬೋರ್ಡ್ ಎಲ್ಲೂ ಬರುವುದಿಲ್ಲ.

ಹಾಗಾದರೆ ಕೀಗಳು ಯಾಕೆ ಕೆಲಸ ಮಾಡುತ್ತಿಲ್ಲ? ನೀವು ಒತ್ತಿದ ಕೀ ನೇರವಾಗಿ ರೀಪರ್‌ಗೆ ಹೋಗುವುದಿಲ್ಲ. ನಡುವೆ ನಾಲ್ಕೈದು ಕಟ್ಟೆಗಳಿವೆ. ಪ್ರತಿ ಕಟ್ಟೆಯಲ್ಲೂ ಒಬ್ಬರು ಕೂತು "ಇದು ನನ್ನದಾ?" ಅಂತ ನೋಡುತ್ತಾರೆ. ತಮ್ಮದು ಅನ್ನಿಸಿದರೆ ಇಟ್ಟುಕೊಳ್ಳುತ್ತಾರೆ, ಮುಂದಕ್ಕೆ ಬಿಡುವುದಿಲ್ಲ.

ಮೊದಲ ಕಟ್ಟೆ ಲ್ಯಾಪ್‌ಟಾಪೇ. ಎಫ್1ರಿಂದ ಎಫ್12ರವರೆಗಿನ ಕೀಗಳು ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬೆಳಕು, ವಾಲ್ಯೂಮ್ ಹೆಚ್ಚು-ಕಡಿಮೆ ಮಾಡುವ ಕೆಲಸಕ್ಕೆ ನಿಂತಿರುತ್ತವೆ. ಫಂಕ್ಷನ್ ಕೀ ಜೊತೆಗೆ ಒತ್ತದೆ ಅವು ಎಫ್ ಕೀ ಆಗುವುದೇ ಇಲ್ಲ. ಅದಕ್ಕಿಂತ ದೊಡ್ಡ ವಿಷಯ ಬಲಗಡೆಯ ನಂಬರ್ ಪ್ಯಾಡ್. ನಿಮ್ಮ ಗೆಳೆಯನ ಕ್ಯೂಬೇಸ್ ಆ ಪ್ಯಾಡಿನ ಮೇಲೆಯೇ ಬದುಕುವ ಸಾಫ್ಟ್‌ವೇರ್. ಪ್ಯಾಡಿನ ನಕ್ಷತ್ರ ಚಿಹ್ನೆ ಒತ್ತಿದರೆ ರೆಕಾರ್ಡ್, ಎಂಟರ್ ಒತ್ತಿದರೆ ಪ್ಲೇ, ಸೊನ್ನೆ ಒತ್ತಿದರೆ ಸ್ಟಾಪ್, 1 ಮತ್ತು 2 ಒತ್ತಿದರೆ ಎಡ-ಬಲ ಲೊಕೇಟರ್ ಗುರುತುಗಳಿಗೆ ಹೋಗುವುದು. ಮೇಲಿನ ಸಾಲಿನ 1 ಬೇರೆ, ಪ್ಯಾಡಿನ 1 ಬೇರೆ. ಸಾಫ್ಟ್‌ವೇರ್ ಕಣ್ಣಿಗೆ ಅವೆರಡು ಬೇರೆ ಬೇರೆ ಕೀಗಳು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಪ್ಯಾಡ್ ಇಲ್ಲದಿದ್ದರೆ ಆ ಪಟ್ಟಿಯ ಒಂದು ದೊಡ್ಡ ತುಂಡು ಅಲ್ಲೇ ಸತ್ತಿತು.

ಎರಡನೇ ಕಟ್ಟೆ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಕೀ ಸೇರಿದ ಬಹಳಷ್ಟು ಜೋಡಿಗಳನ್ನು ಅದು ತನಗೇ ಇಟ್ಟುಕೊಂಡಿದೆ. ಎಫ್10 ಒತ್ತಿದರೆ ಮೆನು ಕಡೆ ತಿರುಗುವುದು ವಿಂಡೋಸಿನ ಹಳೇ ಅಭ್ಯಾಸ. ಶಿಫ್ಟ್ ಕೀಯನ್ನು ಸತತ ಐದು ಸಲ ಒತ್ತಿದರೆ ಸ್ಟಿಕಿ ಕೀಸ್ ಬೇಕಾ ಅಂತ ಕೇಳುತ್ತಾ ಕಿಟಕಿಯೊಂದು ಎದ್ದು ನಿಲ್ಲುತ್ತದೆ. ಎಡಿಟ್ ಮಾಡುವಾಗ ಯೋಚಿಸುತ್ತಾ ಶಿಫ್ಟ್ ಕುಟ್ಟುವ ಚಟ ನನಗಿತ್ತು, ಆ ಕಿಟಕಿಯ ಜೊತೆ ಬಹಳ ದಿನ ಜಗಳವಾಡಿದ್ದೇನೆ. ಮ್ಯಾಕ್‌ನವರಿಗೆ ಕಂಟ್ರೋಲ್ ಜೊತೆ ಬಾಣದ ಕೀಗಳು ಹೀಗೆಯೇ ಕೈತಪ್ಪುತ್ತವೆ. ಅವು ತೆರೆದ ಕಿಟಕಿಗಳನ್ನು ತೋರಿಸುವ ಮಿಷನ್ ಕಂಟ್ರೋಲ್‌ನ ಪಾಲು.

ಮೂರನೆಯದು ಭಾಷೆ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದರೆ ಇಂಗ್ಲಿಷ್ ಮಾತ್ರ ಟೈಪ್ ಮಾಡುವವರು ಬರೆದ ಗೈಡ್‌ಗಳಲ್ಲಿ ಈ ಮಾತು ಸಿಗುವುದಿಲ್ಲ. ಕೀಬೋರ್ಡ್ ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಲೇಔಟ್‌ನಲ್ಲಿದ್ದಾಗ ಆರ್ ಕೀ ಒತ್ತಿದರೆ ಹೊರಡುವುದು ಆರ್ ಅಲ್ಲ, ಈಕಾರದ ದೀರ್ಘ ಗುಣಿತ. ಪ್ರಶ್ನಾರ್ಥಕ ಚಿಹ್ನೆ ಇರುವ ಕೀ ಮೇಲೆ ಯ ಕೂತಿರುತ್ತದೆ. ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಮೂಡಿಸುವ ವಿಧಾನವಾದರೆ ಇನ್ನೂ ಕಷ್ಟ. ಅದು ನೀವು ಒತ್ತಿದ ಅಕ್ಷರವನ್ನು ಹಿಡಿದುಕೊಂಡು ಮುಂದಿನದಕ್ಕೆ ಕಾಯುತ್ತದೆ. ಕಂಟ್ರೋಲ್ ಜೊತೆ ಒತ್ತುವ ಶಾರ್ಟ್‌ಕಟ್‌ಗಳು ಸಾಮಾನ್ಯವಾಗಿ ಆಗಲೂ ನಡೆಯುತ್ತವೆ. ಎಡವುವುದು ಒಂಟಿ ಅಕ್ಷರದವು. ಹಾಗಾಗಿ ಕಂಟ್ರೋಲ್ ಝಡ್ ಕೆಲಸ ಮಾಡಿ, ಎಸ್ ಮಾತ್ರ ಸುಮ್ಮನಾದರೆ ಗುಮಾನಿ ನೇರವಾಗಿ ಭಾಷೆಯ ಮೇಲೆ ಹೋಗಬೇಕು.

ಇನ್ನೂ ಒಂದು ಮೋಸ ಇದೆ. ಭಾಷೆ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್ ಮಾತ್ರ ಇರುವುದಲ್ಲ, ಎಡ ಆಲ್ಟ್ ಮತ್ತು ಶಿಫ್ಟ್ ಕೂಡ ಇದೆ. ಕೆಲವು ಯಂತ್ರಗಳಲ್ಲಿ ಕಂಟ್ರೋಲ್ ಮತ್ತು ಶಿಫ್ಟ್ ಕೂಡ ಲೇಔಟ್ ಬದಲಿಸುತ್ತದೆ. ಗೆಳೆಯನ ಪಟ್ಟಿಯಲ್ಲಿ ಆಲ್ಟ್-ಶಿಫ್ಟ್ ಜೊತೆಗಿನ ಶಾರ್ಟ್‌ಕಟ್ ಹತ್ತಾದರೂ ಇದ್ದಾವು. ಅವುಗಳಲ್ಲಿ ಒಂದನ್ನು ಒತ್ತಲು ಹೋಗಿ, ಮೂರನೇ ಕೀ ಮುಟ್ಟುವ ಮೊದಲೇ ಬೆರಳು ಎತ್ತಿದಿರಿ ಅನ್ನಿ. ಕೀಬೋರ್ಡ್ ಸದ್ದಿಲ್ಲದೆ ಕನ್ನಡಕ್ಕೆ ಹೋಯಿತು. ಅಲ್ಲಿಂದ ಮುಂದೆ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಆಮೇಲೆ ಇನ್ನೊಮ್ಮೆ ಅದೇ ತಪ್ಪಾಗಿ ಇಂಗ್ಲಿಷಿಗೆ ವಾಪಸ್ ಬಂದರೆ "ಅರೆ, ತಾನೇ ಸರಿಹೋಯ್ತಲ್ಲ" ಅನ್ನಿಸುತ್ತದೆ. ಬೆಳಿಗ್ಗೆ ಮಾಡುತ್ತೆ, ಸಂಜೆ ಮಾಡಲ್ಲ ಅಂದಿರಲ್ಲ, ಇದೇ ಇರಬೇಕು.

ಇದಕ್ಕೆ ಮದ್ದು ವಿಂಡೋಸ್ ಸೆಟ್ಟಿಂಗ್ಸ್ ಒಳಗೇ ಇದೆ. ಟೈಪಿಂಗ್ ವಿಭಾಗದಲ್ಲಿ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್ ತೆರೆಯಿರಿ. ಪ್ರತಿ ಆಪ್ ಕಿಟಕಿಗೂ ಬೇರೆ ಬೇರೆ ಇನ್‌ಪುಟ್ ಇರಲಿ ಎನ್ನುವ ಆಯ್ಕೆ ಅಲ್ಲಿದೆ. ಅದನ್ನು ಆನ್ ಮಾಡಿದರೆ ಸ್ಕ್ರಿಪ್ಟ್ ಬರೆಯುವ ಕಿಟಕಿ ಕನ್ನಡದಲ್ಲೇ ಇರುತ್ತದೆ, ರೀಪರ್ ಇಂಗ್ಲಿಷಿನಲ್ಲೇ ಇರುತ್ತದೆ. ಅಲ್ಲೇ ಹಾಟ್ ಕೀಸ್ ಅಂತ ಇನ್ನೊಂದು ಕೊಂಡಿ ಕಾಣುತ್ತದೆ. ಅದರೊಳಗೆ ಹೋಗಿ ಆಲ್ಟ್-ಶಿಫ್ಟ್ ಮತ್ತು ಕಂಟ್ರೋಲ್-ಶಿಫ್ಟ್ ಎರಡನ್ನೂ ತೆಗೆದುಹಾಕಿ. ಭಾಷೆ ಬದಲಿಸಲು ವಿಂಡೋಸ್-ಸ್ಪೇಸ್ ಒಂದೇ ಸಾಕು. ಇದನ್ನು ಮಾಡಿದ ಮೇಲೆ ನಿಮ್ಮ ದೂರಿನಲ್ಲಿ ಎಷ್ಟು ಉಳಿಯುತ್ತದೆ ನೋಡಿ.

ನಾಲ್ಕನೇ ಕಟ್ಟೆ ಅಂದರೆ ಈಗ ಯಾವ ಕಿಟಕಿ ಮುಂದಿದೆ ಅನ್ನುವುದು. ಟ್ರ್ಯಾಕ್ ಹೆಸರಿನ ಜಾಗದಲ್ಲಿ ಕರ್ಸರ್ ಮಿನುಗುತ್ತಿದ್ದರೆ ನೀವು ಒತ್ತಿದ ಎಸ್ ಅಲ್ಲಿ ಅಕ್ಷರವಾಗಿ ಕೂರುತ್ತದೆ. ಈಕ್ಯೂನಂಥ ದನಿ ತಿದ್ದುವ ಪ್ಲಗಿನ್ ಕಿಟಕಿ ಮುಂದಿದ್ದರೆ ಕೀ ಮೊದಲು ಅದಕ್ಕೆ ಹೋಗಬಹುದು. ಐದನೆಯದು ರೀಪರ್‌ನ ಒಳಗಿನ ಪಂಗಡಗಳು. ಮುಖ್ಯ ಕಿಟಕಿಗೆ ಒಂದು ಪಟ್ಟಿ, ಸ್ವರಗಳನ್ನು ತಿದ್ದುವ ಮಿಡಿ ಎಡಿಟರ್‌ಗೆ ಇನ್ನೊಂದು, ಫೈಲ್ ಹುಡುಕುವ ಮೀಡಿಯಾ ಎಕ್ಸ್‌ಪ್ಲೋರರ್‌ಗೆ ಮತ್ತೊಂದು. ಮುಖ್ಯ ಪಟ್ಟಿಯಲ್ಲಿ ಇಟ್ಟ ಶಾರ್ಟ್‌ಕಟ್ ಮಿಡಿ ಎಡಿಟರ್ ತೆರೆದಾಗ ಬೇರೆಯದೇ ಕೆಲಸ ಮಾಡಿದರೆ ಅದು ದೋಷವಲ್ಲ, ಆ ಕಿಟಕಿಗೆ ಅದರದೇ ಪಟ್ಟಿ ಇದೆ, ಅಷ್ಟೇ.

ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಪತ್ತೆ ಮಾಡುವುದು ಸುಲಭ. ರೀಪರ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಆ್ಯಕ್ಷನ್ ಪಟ್ಟಿ, ಅಂದರೆ ರೀಪರ್ ಮಾಡಬಲ್ಲ ಕೆಲಸಗಳ ಪಟ್ಟಿ, ತೆರೆಯುತ್ತದೆ. ಅದೇ ತೆರೆಯದಿದ್ದರೆ ಕೀಬೋರ್ಡ್ ಕನ್ನಡದಲ್ಲಿದೆಯಾ ಅಂತ ಮೊದಲು ನೋಡಿ. ತೆರೆದರೆ, ಶಾರ್ಟ್‌ಕಟ್ ಹುಡುಕುವ ಬಟನ್ ಅದರಲ್ಲಿದೆ. ಅದನ್ನು ಒತ್ತಿ, ಆಮೇಲೆ ತಕರಾರಿನ ಕೀ ಒತ್ತಿ. ಆ ಕೀಗೆ ಯಾವ ಕೆಲಸ ಅಂಟಿದೆ ಅಂತ ತೋರಿಸುತ್ತದೆ. ನೀವು ಅಂದುಕೊಂಡದ್ದೇ ಬಂದರೆ ತೊಂದರೆ ಕಿಟಕಿಯದು. ಬೇರೆಯದು ಬಂದರೆ ಎರಡು ಶಾರ್ಟ್‌ಕಟ್ ಒಂದೇ ಕೀಗೆ ಬಿದ್ದಿವೆ. ಏನೂ ಬರದಿದ್ದರೆ ಆ ಕೀಗೆ ಯಾವ ಕೆಲಸವೂ ಅಂಟಿಲ್ಲ, ಇಲ್ಲವೇ ಕೀ ರೀಪರ್ ತನಕ ಬಂದೇ ಇಲ್ಲ, ಹಿಂದಿನ ಕಟ್ಟೆಗಳನ್ನು ನೋಡಿ.

ಈಗ ಆ ಪಟ್ಟಿಯ ಬಗ್ಗೆ. ಗೆಳೆಯನ ಪಟ್ಟಿ ಕೆಟ್ಟದ್ದಲ್ಲ. ಅದು ಅವನ ಕೆಲಸದ ಪಟ್ಟಿ, ಅವನ ಸಾಫ್ಟ್‌ವೇರಿನ ಪಟ್ಟಿ. ಒಂದೇ ಒಂದು ಕೆಲಸ ತೆಗೆದುಕೊಳ್ಳಿ: ಕರ್ಸರ್ ಇರುವಲ್ಲಿ ಕ್ಲಿಪ್ (ಆಡಿಯೋ ತುಂಡು) ಕತ್ತರಿಸುವುದು. ರೀಪರ್‌ನಲ್ಲಿ ಎಸ್. ಕ್ಯೂಬೇಸ್‌ನಲ್ಲಿ ಆಲ್ಟ್ ಎಕ್ಸ್, ಅಲ್ಲಿ ಎಸ್ ಅಂದರೆ ಸೋಲೋ, ಒಂದೇ ಟ್ರ್ಯಾಕನ್ನು ಕೇಳಿಸುವುದು. ಏಬಲ್ಟನ್ ಲೈವ್, ಪ್ರೋ ಟೂಲ್ಸ್ ಎರಡರಲ್ಲೂ ವಿಂಡೋಸ್‌ನವರಿಗೆ ಕಂಟ್ರೋಲ್ ಇ. ಲಾಜಿಕ್‌ನಲ್ಲಿ ಕಮಾಂಡ್ ಟಿ. ಆಡಾಸಿಟಿಯಲ್ಲಿ ಕಂಟ್ರೋಲ್ ಐ. ನೀವು ಕ್ಯೂಬೇಸ್ ಪಟ್ಟಿಯನ್ನು ಹಾಗೇ ಹಾಕಿದ್ದರಿಂದ ಎಸ್ ಕೀಯಿಂದ ಕತ್ತರಿ ಹೋಗಿ ಸೋಲೋ ಬಂದಿರಬೇಕು. ಆಡಿಯೋ ಪುಸ್ತಕ ಎಡಿಟ್ ಮಾಡುವವರಿಗೆ ಇಡೀ ದಿನ ಬೇಕಾಗುವುದು ಕತ್ತರಿ. ಸೋಲೋ ಅಷ್ಟಾಗಿ ಬೇಡ ಅಲ್ವಾ?

ಸಂಗೀತ-ಮಾತು ಬೇರೆ ಬೇರೆ ಆದದ್ದಕ್ಕೂ ಇಲ್ಲೇ ಉತ್ತರವಿದೆ ಅನ್ನಿಸುತ್ತದೆ. ರೀಪರ್‌ನಲ್ಲಿ ರಿಪಲ್ ಎಡಿಟಿಂಗ್ ಅಂತ ಒಂದು ವ್ಯವಸ್ಥೆ ಇದೆ. ಒಂದು ತುಂಡು ತೆಗೆದರೆ ಅದರ ನಂತರದ್ದೆಲ್ಲ ಸರಿದು ಬಂದು ಜಾಗ ತುಂಬಿಕೊಳ್ಳುತ್ತದೆ. ಅದಕ್ಕೆ ಮೂರು ಸ್ಥಿತಿ: ಆಫ್, ಒಂದು ಟ್ರ್ಯಾಕಿಗೆ ಮಾತ್ರ, ಎಲ್ಲ ಟ್ರ್ಯಾಕಿಗೂ. ಯಾವುದೋ ಕೀ ತಗುಲಿ ಅದು ಒಂದು ಟ್ರ್ಯಾಕಿನ ಸ್ಥಿತಿಗೆ ಹೋಗಿದ್ದರೆ, ನೀವು ಮಾತಿನಲ್ಲಿ ತಪ್ಪು ಕತ್ತರಿಸಿದಷ್ಟೂ ಮಾತು ಮುಂಚೆ ಸರಿಯುತ್ತಾ ಬರುತ್ತದೆ, ಸಂಗೀತ ನಿಂತಲ್ಲೇ ನಿಂತಿರುತ್ತದೆ. ಒಂದೊಂದು ಸಲಕ್ಕೆ ಅರ್ಧ ಸೆಕೆಂಡ್. ಹಾಗಾಗಿ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಇಪ್ಪತ್ತು ತಪ್ಪು ಕತ್ತರಿಸುವ ಹೊತ್ತಿಗೆ ಹತ್ತು ಸೆಕೆಂಡ್ ಅಂತರ. ಟೂಲ್‌ಬಾರ್‌ನಲ್ಲಿ ಅದರ ಬಟನ್ ಇದೆ, ಕೂತ ಕೂಡಲೇ ಒಮ್ಮೆ ಅದರ ಕಡೆ ಕಣ್ಣು ಹಾಯಿಸುವುದು ಒಳ್ಳೆಯದು.

ಇಲ್ಲಿ ನನ್ನ ಕೆಲಸದ ಒಂದು ನಿಯಮ ಹೇಳುತ್ತೇನೆ. ದಿನಕ್ಕೆ ನೂರು ಸಲ ಮಾಡುವ ಕೆಲಸಕ್ಕೆ ಹಗುರ ಕೀ, ಕೆಡಿಸುವ ಕೆಲಸಕ್ಕೆ ಬಿಗಿ ಕೀ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. ಶುರುವಿನ ದಿನಗಳಲ್ಲಿ ರೆಕಾರ್ಡಿಗೆ ಒಂಟಿ ಕೀ ಇಟ್ಟುಕೊಂಡಿದ್ದೆ, ಸ್ಪೇಸ್ ಬಾರಿನ ಹತ್ತಿರವೇ. ಹಾಡುವವರು ಒಂದು ಚರಣ ಬಹಳ ಚೆನ್ನಾಗಿ ಹಾಡಿ ಮುಗಿಸಿದ್ದರು. ಕೇಳಿಸೋಣ ಅಂತ ಪ್ಲೇ ಮಾಡಿದೆ. ನಿಲ್ಲಿಸಲು ಹೋದ ಹೆಬ್ಬೆರಳು ಪಕ್ಕದ ಕೀ ಮೇಲೆ ಬಿತ್ತು. ಟ್ರ್ಯಾಕ್ ಇನ್ನೂ ಆರ್ಮ್ ಆಗಿಯೇ ಇತ್ತು, ಅಂದರೆ ರೆಕಾರ್ಡಿಗೆ ತಯಾರಾಗಿ. ಪರದೆ ಮೇಲೆ ಆ ಚರಣದ ಅಲೆ ಅಳಿದು ಅದರ ಜಾಗದಲ್ಲಿ ಸಪಾಟು ಗೆರೆ ಬರೆಯುತ್ತಾ ಹೋಯಿತು. ಗಾಬರಿಯಲ್ಲಿ ಅಂಡೂ ಒತ್ತುವ ಬದಲು ಇನ್ನೇನೇನೋ ಒತ್ತಿ, ಸೇವ್ ಬೇರೆ ಮಾಡಿದೆ. ಗಾಜಿನಾಚೆ ನಿಂತವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಅರ್ಧ ಗಂಟೆ ಹುಡುಕಿದ ಮೇಲೆ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಆ ಟೇಕ್‌ನ (ಆ ಸಲದ ರೆಕಾರ್ಡಿಂಗ್‌ನ) ಫೈಲ್ ಸಿಕ್ಕಿತು.

ಸಿಕ್ಕಿದ್ದು ಅದೃಷ್ಟವಲ್ಲ, ಈ ಸಾಫ್ಟ್‌ವೇರ್‌ಗಳು ನಡೆಯುವ ರೀತಿಯೇ ಹಾಗೆ. ಪರದೆಯ ಮೇಲೆ ಕ್ಲಿಪ್ ಅಳಿಸಿದರೆ ಡಿಸ್ಕಿನಲ್ಲಿರುವ ಆಡಿಯೋ ಫೈಲ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ನೀವು ನಿಜವಾಗಿ ಹೆದರಬೇಕಾದದ್ದು ಬಳಸದ ಫೈಲ್‌ಗಳನ್ನು ಪ್ರಾಜೆಕ್ಟ್ ಫೋಲ್ಡರ್‌ನಿಂದ ಗುಡಿಸಿಹಾಕುವ ಆಜ್ಞೆಗೆ. ಅದಕ್ಕೆ ಶಾರ್ಟ್‌ಕಟ್ ಇಡಲೇಬೇಡಿ. ಮೆನುವಿಗೆ ಹೋಗಿ, ಓದಿ, ಒತ್ತಿ. ಟ್ರ್ಯಾಕ್ ಅಳಿಸುವುದಕ್ಕೂ ಅಷ್ಟೇ. ರೆಕಾರ್ಡಿಗೆ ರೀಪರ್ ಕೊಟ್ಟಿರುವ ಕಂಟ್ರೋಲ್ ಆರ್ ಸರಿಯಾಗಿಯೇ ಇದೆ, ಎರಡು ಕೀ ಬೇಕು ಅನ್ನುವುದೇ ಅದರ ಗುಣ.

ಹಾಗಾದರೆ ಯಾವುದಕ್ಕೆ ಇಡಬೇಕು? ಇದನ್ನು ನಾನು ಹೇಳಲಾರೆ, ನಿಮ್ಮ ಕೈ ಹೇಳುತ್ತದೆ. ಮುಂದಿನ ಸಲ ಎಡಿಟಿಂಗ್‌ಗೆ ಕೂತಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಅರ್ಧ ಗಂಟೆ, ಮೌಸ್ ಹಿಡಿದು ಮೆನುವಿಗೋ ಟೂಲ್‌ಬಾರಿಗೋ ಹೋದಾಗಲೆಲ್ಲ ಆ ಕೆಲಸದ ಹೆಸರಿನ ಮುಂದೆ ಒಂದು ಗೀಟು. ಹಾಲಿನ ಲೆಕ್ಕ ಬರೆದಂತೆ. ನಾನು ಮೊದಲ ಸಲ ಹೀಗೆ ಮಾಡಿದಾಗ ಗೀಟುಗಳೆಲ್ಲ ಏಳೆಂಟು ಸಾಲಲ್ಲೇ ತುಂಬಿಕೊಂಡಿದ್ದವು: ಕತ್ತರಿ, ತೆಗೆಯುವುದು, ಸ್ವಲ್ಪ ಹಿಂದೆ ಹೋಗಿ ಪ್ಲೇ, ಹತ್ತಿರ-ದೂರ ಜೂಮ್, ಫೇಡ್, ಮಾರ್ಕರ್. ಉಳಿದ ನೂರಾರು ಆಜ್ಞೆಗಳ ಮುಂದೆ ಒಂದೊಂದು ಗೀಟು, ಅಥವಾ ಅದೂ ಇಲ್ಲ. ದೊಡ್ಡ ಎಂಜಿನಿಯರ್‌ಗಳು ಮೌಸನ್ನೇ ಮುಟ್ಟುವುದಿಲ್ಲ ಅನ್ನುವುದು ಬರೀ ಕಥೆ. ಫೇಡರ್ ಎಳೆಯಲು, ಅಲೆಯ ಮೇಲೆ ಒಂದು ಜಾಗ ತೋರಿಸಲು ಮೌಸ್‌ನಷ್ಟು ಸಲೀಸು ಇನ್ನೊಂದಿಲ್ಲ. ನಿಜವಾಗಿ ಮೌಸ್ ಇಲ್ಲದೆ ಇಡೀ ರೀಪರ್ ನಡೆಸುವವರು ಕಣ್ಣು ಕಾಣದ ರೆಕಾರ್ಡಿಸ್ಟ್‌ಗಳು. ಅವರಿಗೆಂದೇ ಓಸಾರ ಎಂಬ ಉಚಿತ ಎಕ್ಸ್‌ಟೆನ್ಶನ್ ಇದೆ, ಸ್ಕ್ರೀನ್ ರೀಡರ್ ಜೊತೆ ಕೆಲಸ ಮಾಡುತ್ತದೆ, ಅದರದೇ ಕೀ ಮ್ಯಾಪ್ ಕೂಡ ಇದೆ. ಕೀಬೋರ್ಡ್ ಅಂದರೆ ಏನೆಲ್ಲ ಸಾಧ್ಯ ಅಂತ ತಿಳಿಯಬೇಕಾದರೆ ಅವರ ಕೆಲಸ ನೋಡಬೇಕು.

ಬಲಗೈ ಮೌಸ್ ಮೇಲಿರುವುದರಿಂದ ಶಾರ್ಟ್‌ಕಟ್‌ಗಳು ಎಡಗೈಗೆ ಎಟುಕುವಲ್ಲಿರಲಿ. ನೆನಪಿಡಲು ಇಂಗ್ಲಿಷ್ ಪದವೇ ಬೇಕೆಂದಿಲ್ಲ. ನನ್ನ ಕೀಬೋರ್ಡಿನಲ್ಲಿ ಟಿ ಅಂದರೆ "ತೆಗೆ". ಈ "ತೆಗೆ" ಹೇಗೆ ಮಾಡಿದೆ ಅಂತ ಹೇಳುತ್ತೇನೆ, ಯಾಕಂದರೆ ನಿಮ್ಮ ನಾಲ್ಕೈದು ಗಂಟೆಯಲ್ಲಿ ಒಂದು ಗಂಟೆಯಾದರೂ ಇದರಿಂದ ಉಳಿಯಬಹುದು.

ಓದುವಾಗ ತಪ್ಪಿದರೆ ನೀವೇನು ಮಾಡುತ್ತೀರಿ? ತಪ್ಪಿದ ಭಾಗದ ಮೇಲೆ ಮೌಸ್ ಎಳೆದು ಗುರುತು ಹಾಕುತ್ತೀರಿ. ಅದನ್ನು ತೆಗೆಯುತ್ತೀರಿ. ನಂತರದ ಭಾಗವನ್ನು ಎಳೆದು ಕೂಡಿಸುತ್ತೀರಿ. ಸ್ವಲ್ಪ ಹಿಂದಕ್ಕೆ ಹೋಗಿ ಪ್ಲೇ ಮಾಡಿ, ಜೋಡಣೆ ಸರಿಯಾಯಿತಾ ಅಂತ ಕೇಳುತ್ತೀರಿ. ಒಂದು ಗುರುತು, ಅದರ ಬೆನ್ನಿಗೆ ನಾಲ್ಕು ಕೆಲಸ. ಗುರುತು ಕೈಯಲ್ಲೇ ಹಾಕಬೇಕು, ಅದಕ್ಕೆ ಕಿವಿ ಬೇಕು. ಉಳಿದದ್ದನ್ನು ಒಂದೇ ಕೀಗೆ ಕಟ್ಟಬಹುದು. ಆ್ಯಕ್ಷನ್ ಪಟ್ಟಿಯಲ್ಲಿ ಹೊಸ ಕಸ್ಟಮ್ ಆ್ಯಕ್ಷನ್ ತೆರೆದರೆ ಎಡಗಡೆ ಎಲ್ಲ ಆಜ್ಞೆಗಳು, ಬಲಗಡೆ ಖಾಲಿ ಜಾಗ. ಎಡದಿಂದ ಬಲಕ್ಕೆ ಒಂದೊಂದಾಗಿ ಎಳೆದು ಹಾಕಿ: ಮೊದಲು ಕರ್ಸರ್ ಟೈಮ್ ಸೆಲೆಕ್ಷನ್‌ನ (ನೀವು ಹಾಕಿದ ಗುರುತಿನ) ಶುರುವಿಗೆ ಹೋಗಲಿ, ಆಮೇಲೆ ಸೆಲೆಕ್ಷನ್‌ನಲ್ಲಿರುವುದನ್ನು ತೆಗೆದು ನಂತರದ್ದನ್ನು ಸರಿಸಿಕೊಳ್ಳಲಿ, ಸೆಲೆಕ್ಷನ್ ಗುರುತು ಅಳಿಯಲಿ, ಕರ್ಸರ್ ಒಂದು ಮೆಷರ್ ಹಿಂದೆ ಬರಲಿ, ಪ್ಲೇ ಆಗಲಿ. ಮಾತಿಗೆ ಮೆಷರ್ ಎಲ್ಲಿಂದ ಬಂತು ಅನ್ನಬೇಡಿ. ಪ್ರಾಜೆಕ್ಟಿನ ವೇಗ ನಿಮಿಷಕ್ಕೆ 120 ಬೀಟ್ ಇದ್ದು ನಾಲ್ಕು ಬೀಟಿನ ಮೆಷರ್ ಆದರೆ ಅದು ಸರಿಯಾಗಿ ಎರಡು ಸೆಕೆಂಡ್. ಜೋಡಣೆ ಕೇಳಿ ನೋಡಲು ಅಷ್ಟು ಸಾಕು.

ಅದೇ ಕಿಟಕಿಯಲ್ಲಿ ಅಂಡೂ ಪಾಯಿಂಟ್‌ಗಳನ್ನು ಒಟ್ಟು ಮಾಡುವ ಚೌಕವನ್ನು ಟಿಕ್ ಮಾಡಲು ಮರೆಯಬೇಡಿ. ಇಲ್ಲದಿದ್ದರೆ ಒಂದು ಸಲ "ತೆಗೆ" ಒತ್ತಿದ್ದನ್ನು ವಾಪಸ್ ತರಲು ಅಂಡೂವನ್ನು ಹಲವು ಸಲ ಒತ್ತಬೇಕಾದೀತು. ಹೆಸರಿಟ್ಟು ಸೇವ್ ಮಾಡಿ, ಕೀ ಕೊಡಿ. ಟಿ ಕೊಡಲು ಹೋದರೆ ರೀಪರ್ ತಡೆದು ಕೇಳುತ್ತದೆ, ಅದು ಆಗಲೇ ಮುಂದಿನ ಟೇಕ್‌ಗೆ ಹೋಗುವ ಕೀ ಅಂತ. ಆ ಪ್ರಶ್ನೆಯನ್ನು ಓದದೆ ಸರಿ ಒತ್ತುವುದೇ ಬಹಳಷ್ಟು ಗೋಜಲಿನ ಮೂಲ. ನೀವು ಎರಡು ದಿನ ಕೂತು ಪಟ್ಟಿ ಹಾಕಿದಾಗ ಎಷ್ಟು ಸಲ ಹಾಗೆ ಸರಿ ಒತ್ತಿದಿರೋ! ಹಾಡಿಗೆ ನಾಲ್ಕಾರು ಟೇಕ್ ಇಟ್ಟುಕೊಂಡು ಆರಿಸುವವರಾದರೆ ಟಿಯನ್ನು ಅದಕ್ಕೇ ಬಿಡಿ, ಇದಕ್ಕೆ ಬೇರೆ ಖಾಲಿ ಕೀ ಹುಡುಕಿ.

ಇದರ ಅಪಾಯವನ್ನೂ ಹೇಳಬೇಕು. ಸೆಲೆಕ್ಷನ್ ತೆಗೆದು ಸರಿಸುವ ಆ ಆಜ್ಞೆ ಎಲ್ಲ ಟ್ರ್ಯಾಕ್‌ಗಳ ಮೇಲೂ ನಡೆಯುತ್ತದೆ. ಮಾತಿನ ಕೆಳಗೆ ಸಂಗೀತ ಹಾಸಿದ್ದರೆ ಸಂಗೀತಕ್ಕೂ ಕತ್ತರಿ ಬೀಳುತ್ತದೆ, ತಾಳದ ನಡುವೆ ಒಂದು ಎಗರು ಕೇಳಿಸುತ್ತದೆ. ಹಾಗಾಗಿ ಮಾತನ್ನು ಪೂರ್ತಿ ಚೊಕ್ಕ ಮಾಡಿ ಆಮೇಲೆ ಸಂಗೀತ ಹಾಕುವ ಅಭ್ಯಾಸ ಇಟ್ಟುಕೊಳ್ಳಿ.

ಅಷ್ಟೆಲ್ಲ ಯಾಕೆ, ರೀಪರ್ ಕೊಟ್ಟದ್ದನ್ನೇ ಕಲಿತರೆ ಸಾಲದಾ ಅಂತ ನೀವು ಕೇಳಬಹುದು. ಸಾಲುತ್ತದೆ, ಎಷ್ಟೋ ಜನರಿಗೆ. ಅದಕ್ಕೆ ಬ್ಯಾಕಪ್ ಬೇಡ, ಬೇರೆಯವರ ಯಂತ್ರದ ಮುಂದೆ ಕೂತರೂ ಕೈ ತಡವರಿಸುವುದಿಲ್ಲ, ಟ್ಯುಟೋರಿಯಲ್‌ನಲ್ಲಿ ಹೇಳಿದ್ದು ಹಾಗೇ ನಡೆಯುತ್ತದೆ. ನಾಲ್ಕು ಸ್ಟುಡಿಯೋ ಸುತ್ತುವವರಿಗೆ ನಾನು ಅದನ್ನೇ ಹೇಳುತ್ತೇನೆ. ನೀವು ಒಂದೇ ಯಂತ್ರದಲ್ಲಿ ಒಂದೇ ಬಗೆಯ ಕೆಲಸವನ್ನು ದಿನಗಟ್ಟಲೆ ಮಾಡುವವರು. ನಿಮಗೆ ಮೂಲ ಕೀಗಳನ್ನು ಹಾಗೇ ಉಳಿಸಿಕೊಂಡು, ಖಾಲಿ ಇರುವ ಕೀಗಳ ಮೇಲೆ ನಿಮ್ಮದು ಎಂಟೋ ಹತ್ತೋ ಸೇರಿಸುವುದು ಒಳ್ಳೆಯದು. ವಾರಕ್ಕೆ ಎರಡಕ್ಕಿಂತ ಜಾಸ್ತಿ ಬೇಡ. ಬೆರಳಿಗೆ ಕೂರಲು ಅಷ್ಟು ಸಮಯ ಬೇಕು.

ಹೊರಗಿನ ಸಾಧನಗಳ ಆಸೆಯೂ ಬರುತ್ತದೆ. ಆಟೋಹಾಟ್‌ಕೀಯಂಥ ಪ್ರೋಗ್ರಾಮ್‌ನಲ್ಲಿ ಏನು ಬೇಕಾದರೂ ಮಾಡಬಹುದು. ಆದರೆ ಪರದೆಯ ಇಂಥ ಜಾಗದಲ್ಲಿ ಕ್ಲಿಕ್ ಮಾಡು ಅಂತ ಬರೆದ ಮ್ಯಾಕ್ರೋ, ಬಟನ್ ಸ್ವಲ್ಪ ಸರಿದರೂ ಬೇರೆ ಏನನ್ನೋ ಒತ್ತುತ್ತದೆ. ರೀಪರ್ ಒಳಗೇ ಇಷ್ಟು ಸೌಲಭ್ಯ ಇರುವಾಗ ನಿಮಗೆ ಅದು ಬೇಡ. ಒಳಗೆ ಸೌಲಭ್ಯ ಇಲ್ಲದವರ ಮಾತು ಬೇರೆ. ಏಬಲ್ಟನ್ ಲೈವ್‌ನಲ್ಲಿ ಕಂಟ್ರೋಲ್ ಕೆ ಒತ್ತಿ ಪರದೆಯ ಬಟನ್‌ಗಳಿಗೆ ಕೀ ಕೊಡಬಹುದು, ಆದರೆ ಅದು ಆ ಸೆಟ್‌ನೊಳಗೇ (ಲೈವ್‌ನ ಪ್ರಾಜೆಕ್ಟ್ ಫೈಲ್‌ನೊಳಗೇ) ಉಳಿಯುತ್ತದೆ, ಹೊಸ ಸೆಟ್‌ಗೆ ತಾನಾಗಿ ಬರುವುದಿಲ್ಲ. ಮ್ಯಾಕ್‌ನಲ್ಲಿ ಗ್ಯಾರೇಜ್‌ಬ್ಯಾಂಡ್ ಬಳಸುವವರು ಸಿಸ್ಟಮ್ ಸೆಟ್ಟಿಂಗ್ಸ್‌ನ ಕೀಬೋರ್ಡ್ ಭಾಗದಿಂದ ಮೆನು ಆಜ್ಞೆಗಳಿಗೆ ಕೀ ಕೊಡಬಹುದು. ಮೆನುವಿನಲ್ಲಿ ಇರುವ ಹೆಸರನ್ನು ಒಂದು ಚುಕ್ಕೆಯೂ ತಪ್ಪದಂತೆ ಬರೆಯಬೇಕು, ಅಷ್ಟೇ. ಬಣ್ಣ ಬಣ್ಣದ ಸ್ಟಿಕ್ಕರ್ ಕೀಬೋರ್ಡ್ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಅದರಲ್ಲಿ ಬರೆದಿರುವುದು ಮೂಲ ಶಾರ್ಟ್‌ಕಟ್‌ಗಳು, ನೀವು ಬದಲಿಸಿದ ಮರುಕ್ಷಣ ಅದು ಸುಳ್ಳು ಹೇಳಲು ಶುರು ಮಾಡುತ್ತದೆ.

ಎಲ್ಲ ಅಳಿಸಲಾ ಅಂದಿರಲ್ಲ, ಅಳಿಸಿ. ಆದರೆ ಈ ಎರಡು ದಿನದ ಶ್ರಮವನ್ನು ಮೊದಲು ಒಂದು ಕಡೆ ಎತ್ತಿಡಿ. ಆ್ಯಕ್ಷನ್ ಕಿಟಕಿಯಲ್ಲೇ ಕೀ ಮ್ಯಾಪ್ ಅನ್ನುವ ಬಟನ್ ಇದೆ. ಅದರಿಂದ ಎಕ್ಸ್‌ಪೋರ್ಟ್ ಮಾಡಿ, ತಾರೀಕು ಸೇರಿಸಿ ಹೆಸರಿಡಿ. ಆಮೇಲೆ ಅದೇ ಬಟನ್‌ನಿಂದ ಮೂಲ ಸ್ಥಿತಿಗೆ ತನ್ನಿ. ಅಪ್‌ಡೇಟ್ ಬಗ್ಗೆ ಚಿಂತೆ ಬೇಡ. ರೀಪರ್ ನಿಮ್ಮ ಶಾರ್ಟ್‌ಕಟ್‌ಗಳನ್ನು ಪ್ರೋಗ್ರಾಮ್‌ನೊಳಗೆ ಇಡುವುದಿಲ್ಲ, ಪ್ರಾಜೆಕ್ಟ್ ಫೈಲ್‌ನಲ್ಲೂ ಇಡುವುದಿಲ್ಲ. ರಿಸೋರ್ಸ್ ಫೋಲ್ಡರ್‌ನಲ್ಲಿ ಬೇರೆಯದೇ ಫೈಲ್‌ನಲ್ಲಿ ಇಡುತ್ತದೆ. ಮಾಮೂಲಿ ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಅವು ಹೋಗುವುದು ಬೇರೆ ಸಂದರ್ಭದಲ್ಲಿ: ಲ್ಯಾಪ್‌ಟಾಪ್ ಕೆಟ್ಟು ಫಾರ್ಮ್ಯಾಟ್ ಮಾಡಿದಾಗ, ಅಥವಾ ಸಾಫ್ಟ್‌ವೇರ್ ಪದೇ ಪದೇ ಬೀಳುತ್ತಿದೆ ಅಂತ ಯಾರೋ ಹೇಳಿದ ಹಾಗೆ ಸೆಟ್ಟಿಂಗ್ಸ್ ಫೋಲ್ಡರನ್ನೇ ಅಳಿಸಿದಾಗ. ಆ ಎಕ್ಸ್‌ಪೋರ್ಟ್ ಫೈಲ್ ಪೆನ್‌ಡ್ರೈವ್‌ನಲ್ಲೋ ಮೇಲ್‌ನಲ್ಲೋ ಇದ್ದರೆ ಎರಡು ನಿಮಿಷದ ಕೆಲಸ.

ಮಣಿಕಟ್ಟಿನ ವಿಷಯದಲ್ಲಿ ಒಂದು ಎಚ್ಚರ. ಕಂಟ್ರೋಲ್, ಆಲ್ಟ್, ಶಿಫ್ಟ್ ಮೂರನ್ನೂ ಎಡಗೈಯಲ್ಲಿ ಹಿಗ್ಗಿಸಿ ಹಿಡಿದು ನಾಲ್ಕನೇ ಕೀ ಹುಡುಕುವ ಶಾರ್ಟ್‌ಕಟ್‌ಗಳು ಬಲಗೈ ನೋವನ್ನು ಎಡಗೈಗೆ ದಾಟಿಸುತ್ತವೆ. ಜಾಸ್ತಿ ಬೇಕಾಗುವುದಕ್ಕೆ ಒಂಟಿ ಕೀ ಅಂದದ್ದು ಇದಕ್ಕೂ ಸೇರಿಯೇ. ಬೆರಳು ಜೋಮು ಹಿಡಿಯುವುದು, ರಾತ್ರಿ ನೋವಿಗೆ ಎಚ್ಚರವಾಗುವುದು ಇದ್ದರೆ ಅದು ಸಾಫ್ಟ್‌ವೇರಿನವರು ನೋಡುವ ವಿಷಯವಲ್ಲ, ಡಾಕ್ಟರ್‌ಗೆ ತೋರಿಸಿ.

ನೀವೇ ಓದಿ ನೀವೇ ರೆಕಾರ್ಡ್ ಮಾಡುವವರಾದ್ದರಿಂದ ಕೊನೆಗೆ ಇನ್ನೊಂದು. ಮೈಕ್ ಪಕ್ಕದ ಲ್ಯಾಪ್‌ಟಾಪಿನಲ್ಲಿ ಕೀ ಒತ್ತಿದ ಟಕ್ ಶಬ್ದ ಪ್ರತಿ ಟೇಕಿನ ಶುರುವಿಗೂ ಕೊನೆಗೂ ಅಂಟಿಕೊಂಡಿರುತ್ತದೆ. ಯುಎಸ್‌ಬಿ ಪೆಡಲ್ ಒಂದಿದ್ದರೆ ಕಾಲಲ್ಲೇ ರೆಕಾರ್ಡ್ ಮಾಡಬಹುದು. ಕಂಪ್ಯೂಟರ್ ಅದನ್ನು ಇನ್ನೊಂದು ಕೀಬೋರ್ಡ್ ಅಂತಲೇ ತಿಳಿಯುತ್ತದೆ, ಹಾಗಾಗಿ ಯಾವ ಶಾರ್ಟ್‌ಕಟ್ ಬೇಕಾದರೂ ಕೊಡಬಹುದು. ಅದಿಲ್ಲದಿದ್ದರೂ ಪರವಾಗಿಲ್ಲ. ಕೀ ಒತ್ತಿದ ಮೇಲೆ ಎರಡು ಸೆಕೆಂಡ್ ಸುಮ್ಮನಿದ್ದು ಓದಲು ಶುರು ಮಾಡಿ, ಮುಗಿದ ಮೇಲೂ ಎರಡು ಸೆಕೆಂಡ್ ಕಾದು ನಿಲ್ಲಿಸಿ. ಟಕ್ ಕತ್ತರಿಸುವುದು ಸುಲಭವಾಗುತ್ತದೆ, ಜೊತೆಗೆ ಆ ಕೋಣೆಯ ಖಾಲಿ ಸದ್ದು ನಿಮ್ಮ ಕೈಗೆ ಸಿಗುತ್ತದೆ. ತಪ್ಪು ತೆಗೆದಲ್ಲಿ ಎರಡು ವಾಕ್ಯ ತೀರಾ ಒತ್ತಿಕೊಂಡಿವೆ ಅನ್ನಿಸಿದರೆ ನಡುವೆ ಇಡಲು ಅದೇ ಬೇಕು.